ದೊಡ್ಡಮಲ್ಲಪ್ಪನವರು ತಲುಪಿಸದ ಸುದ್ದಿ

ರಾಯದುರ್ಗದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಹಗ್ಗ, ಮೂಗುದಾರ, ಕುರಿಗಂಟೆ, ಕೊಡಲಿ ಮಾರುವ ಒಂದು ಅಂಗಡಿಯಿದೆ. ಒಳಗಿನ ವ್ಯಾಪಾರವೆಲ್ಲ ಮಗ ರವಿಶಂಕರನದು, ಹೊರಗಿನ ಬೆಂಚು ಅಪ್ಪ ದೊಡ್ಡಮಲ್ಲಪ್ಪನವರದು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅವರು ಬಂದು ಆ ಬೆಂಚಿನ ಮೇಲೆ ಕೂತರೆಂದರೆ ಜಗತ್ತಿನ ಯಾವ ನಾಯಕನಿಗೂ ಉಳಿಗಾಲವಿರುತ್ತಿರಲಿಲ್ಲ. ಒಂದು ಕನ್ನಡ ಪೇಪರು, ಒಂದು ತೆಲುಗು ಪೇಪರು, ಎರಡು ಲೋಟ ಚಹಾ ಖರ್ಚಾಗುವಷ್ಟರಲ್ಲಿ ದಿಲ್ಲಿಯಿಂದ ಹಿಡಿದು ಸಮುದ್ರದಾಚೆಯವರೆಗೆ ಎಲ್ಲರ ಹೊಟ್ಟೆಯೊಳಗಿನದನ್ನೂ ಹೊರಗೆ ತೆಗೆದು ಬಿಸಿಲಿಗೆ ಹರವಿಬಿಡುತ್ತಿದ್ದರು.

“ಏನ್ ಮಾಡ್ಯಾನ ಅಂತ ಕೇಳಬ್ಯಾಡ್ರಿ. ಯಾಕ ಮಾಡ್ಯಾನ, ಅದನ್ನ ಕೇಳ್ರಿ” ಎನ್ನುವುದು ಅವರ ಮಾತು. ದಿನಕ್ಕೆ ಹತ್ತು ಸಲವಾದರೂ ಅದು ಹೊರಗೆ ಬರುತ್ತಿತ್ತು. ಒಬ್ಬ ಮಂತ್ರಿ ಆಸ್ಪತ್ರೆ ಕಟ್ಟಿಸಿದರೆ ಆ ಜಾಗದ ಪಕ್ಕದಲ್ಲಿ ಯಾರ ಹೊಲವಿದೆ ಎಂದು ಕೇಳುತ್ತಿದ್ದರು. ಒಬ್ಬ ಪ್ರಧಾನಿ ಇನ್ನೊಬ್ಬ ಅಧ್ಯಕ್ಷನನ್ನು ತಬ್ಬಿಕೊಂಡ ಚಿತ್ರ ಬಂದರೆ ಅದನ್ನು ಕಣ್ಣಿನ ಹತ್ತಿರ ಹಿಡಿದು, ಯಾರ ಕೈ ಯಾರ ಜೇಬಿನ ಕಡೆ ಇದೆ ಎಂದು ಹುಡುಕುತ್ತಿದ್ದರು.

ಬೆಂಚಿನ ಇನ್ನೊಂದು ತುದಿ ರಿಟೈರಾದ ಬಸ್ ಕಂಡಕ್ಟರ್ ಸಣ್ಣಬಸಪ್ಪನದು. ಅವನು ದೇಶಾಭಿಮಾನಿ. “ಹೊರಗಿನ ದೇಶದಾಗ ಈಗ ನಮ್ಮೋರಿಗೆ ಮರ್ಯಾದಿ ಹೆಚ್ಚಾಗೈತ್ರಿ. ವಿಮಾನ ಇಳಿದ್ರ ಕೆಂಪು ಹಾಸು ಹಾಸ್ತಾರ” ಎನ್ನುತ್ತಿದ್ದ.

“ಹಾಸೋದು ಯಾಕ? ಮುಂದಿನ ಸಲ ಆ ವಿಮಾನಾನ ನಮಗ ಮಾರಾಕ. ನಮ್ಮನ್ನ ಯಾರು ಕೇಳ್ತಾರಪ್ಪ ಅಲ್ಲಿ?” ಎಂದು ದೊಡ್ಡಮಲ್ಲಪ್ಪನವರು ಒಂದೇ ಏಟಿಗೆ ಹಾಸನ್ನೂ ವಿಮಾನವನ್ನೂ ಸುತ್ತಿಟ್ಟುಬಿಡುತ್ತಿದ್ದರು. ಚಹಾ ಕುಡಿಯಲು ನಿಂತವರು ನಗುತ್ತಿದ್ದರು. ಆ ನಗು ಅವರಿಗೆ ಚಹಾಕ್ಕಿಂತ ರುಚಿ.

ಬೆಳುಗುಪ್ಪದ ಕಡೆ ಅವರಿಗೆ ಒಂದಿಷ್ಟು ಖುಷ್ಕಿ ಹೊಲವಿದೆ. ಶೇಂಗಾ ಕಿತ್ತ ಮೇಲೆ ಮಡಕಶಿರಾ ಕಡೆಯ ಜುಂಜಪ್ಪ ತನ್ನ ಕುರಿಮಂದೆಯನ್ನು ಹೊಡೆದುಕೊಂಡು ಬಂದು ಹದಿನೈದು ದಿನ ಆ ಹೊಲದಲ್ಲಿ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಜೋಳ, ಬೇಳೆ. ಮೂವತ್ತು ವರ್ಷದಿಂದ ನಡೆದುಕೊಂಡು ಬಂದ ಪದ್ಧತಿ ಇದು. ಹೀಗಾಗಿ ಜುಂಜಪ್ಪನ ಮನೆಯಲ್ಲಿ ಕಾಗದ ಪತ್ರದ ಕೆಲಸ ಏನೇ ಬಂದರೂ ಅದು ಅರವತ್ತೆಪ್ಪತ್ತು ಮೈಲಿ ದಾಟಿ ಈ ಬೆಂಚಿಗೇ ಬರುತ್ತಿತ್ತು. ಲೋಕದ ರಾಜಕೀಯವನ್ನೆಲ್ಲ ಅರೆದು ಕುಡಿದವರು ಒಬ್ಬರು ತಮಗೆ ಗೊತ್ತು ಎಂದು ಆ ಮನೆಯವರಿಗೆ ಒಂದು ಧೈರ್ಯ.

ಜುಂಜಪ್ಪನ ಮಗ ಅಂಜಿನಿ ಒಂದು ವರ್ಷದ ಹಿಂದೆ ಕುವೈತಿಗೆ ಹೋಗಿದ್ದ. ತೋಟದ ಕೆಲಸ ಎಂದು ಹೇಳಿ ಕರೆದುಕೊಂಡು ಹೋದವರು ಅವನನ್ನು ಮರಳುಗಾಡಿನ ನಡುವೆ ಮುನ್ನೂರು ಕುರಿಗಳ ಮುಂದೆ ಇಳಿಸಿ ಹೋಗಿದ್ದರು. ಪಾಸ್‌ಪೋರ್ಟು ಅಲ್ಲಿಯ ಧಣಿಯ ಕೈಯಲ್ಲಿ. ಅದೇ ಧಣಿಯ ಇನ್ನೊಂದು ಮಂದೆಯನ್ನು ಗುಡಿಬಂಡೆಯ ಓಬುಲೇಶ್ ಎಂಬುವನು ಕಾಯುತ್ತಿದ್ದ. ಜನವರಿಯಲ್ಲಿ ಒಂದು ದಿನ ಓಬುಲೇಶನ ಫೋನಿನಲ್ಲಿ ಇಬ್ಬರೂ ತಮ್ಮ ಕಷ್ಟ ಹೇಳಿಕೊಂಡು ಅಳುವ ವಿಡಿಯೋ ಮಾಡಿ ಊರಿಗೆ ಕಳಿಸಿದರು.

ಅಂಜಿನಿಯ ಹೆಂಡತಿ ನಾಗಕ್ಕ ಆ ವಿಡಿಯೋ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ರಾಯದುರ್ಗಕ್ಕೆ ಬಂದಳು. ಅವಳು ಅಳಲಿಲ್ಲ. ಬೆಂಚಿನ ಪಕ್ಕ ನಿಂತು ಫೋನನ್ನು ಮುಂದೆ ಚಾಚಿದಳು. “ನೋಡಿ ಸಾವ್ಕಾರ್ರೆ. ಕುಡಿಯಾಕ್ ನೀರೂ ಅಳತೆ ಮಾಡಿ ಕೊಡ್ತಾರಂತೆ. ಇದ್ನ ಎಲ್ರಿಗೂ ಕಳ್ಸು, ಪೇಪರ್ನೋರ್ಗೂ ಕಳ್ಸು ಅಂತ ಹೇಳವ್ನೆ. ಕಳ್ಸಾನಾ?”

“ಬ್ಯಾಡ ತಾಯಿ” ಎಂದರು ದೊಡ್ಡಮಲ್ಲಪ್ಪನವರು. “ಹಿಂಗ ಅತ್ತುಕೋತ ಲೋಕಕ್ಕೆಲ್ಲ ತೋರಿಸಿಕೊಂಡ್ರ ಹೊರಗಿನೋರ ಮುಂದ ನಮ್ಮ ದೇಶದ ಮರ್ಯಾದಿ ಏನಾತು? ಇದಕ್ಕೊಂದು ರೀತಿ ಐತಿ. ನಾ ಮಂತ್ರಿಗೆ ಪತ್ರ ಬರೀತೀನಿ. ನೀ ನಿಶ್ಚಿಂತಿಯಿಂದ ಹೋಗು.”

ಅರ್ಧ ಗಂಟೆಯ ಹಿಂದಷ್ಟೇ ನಮ್ಮ ದೇಶವನ್ನು ಹೊರಗೆ ಯಾರೂ ಕೇಳುವುದಿಲ್ಲ ಎಂದು ಸಾಧಿಸಿದ್ದವರು ಇವರೇ. ಇಲ್ಲದ ಮರ್ಯಾದೆ ಅರ್ಧ ಗಂಟೆಯಲ್ಲಿ ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುವುದಿತ್ತೋ, ಕೇಳುವವರು ಯಾರೂ ಇರಲಿಲ್ಲ. ಸಣ್ಣಬಸಪ್ಪನಂತೂ ಖುಷಿಯಿಂದ ತಲೆಯಾಡಿಸಿದ.

ಪತ್ರ ಬರೆದದ್ದು ಸುಳ್ಳಲ್ಲ. ನಾಲ್ಕು ದಿನ ಕೂತು, ಹಳೆಯ ಡಿಕ್ಷನರಿ ತಿರುವಿಹಾಕಿ, ಇಂಗ್ಲಿಷಿನಲ್ಲಿ ಐದು ಪುಟ ಬರೆದರು. ಮೊದಲ ಎರಡು ಪುಟ ಎರಡು ದೇಶಗಳ ಹಳೆಯ ಸಂಬಂಧದ ಬಗ್ಗೆ ಇದ್ದವು. ಅಂಜಿನಿಯ ಹೆಸರು ಮೂರನೆಯ ಪುಟದಲ್ಲಿ ಬರುತ್ತಿತ್ತು. ಸಂಪರ್ಕದ ನಂಬರು ಎಂಬಲ್ಲಿ ನಾಗಕ್ಕನ ನಂಬರು ಹಾಕದೆ ತಮ್ಮದನ್ನೇ ಹಾಕಿದರು. ದೊಡ್ಡವರು ಫೋನ್ ಮಾಡಿದರೆ ಅವಳಿಗೆ ಮಾತಾಡಲು ಬರಬೇಕಲ್ಲ ಎಂದು ಕಾರಣ ಕೊಟ್ಟರು. ಪತ್ರವನ್ನು ಬೆಂಚಿನ ಮೇಲೆ ಮೂರು ದಿನ ಎಲ್ಲರಿಗೂ ಓದಿ ಹೇಳಿ, ಆಮೇಲೆ ದಿಲ್ಲಿಗೊಂದು, ರಾಯಭಾರ ಕಚೇರಿಗೊಂದು, ಜಿಲ್ಲೆಯ ನಾಲ್ಕಾರು ಮುಖಂಡರಿಗೆ ಒಂದೊಂದು ಪ್ರತಿ ಕಳಿಸಿದರು.

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಅವರು ಮನೆಯಲ್ಲಿ ಊಟಕ್ಕೆ ಕೂತಾಗ ಫೋನ್ ಬಂತು. ಮಾತಾಡಿದವನು ಸುನೀಲ್. ಬರುವ ಎಲೆಕ್ಷನ್ನಿಗೆ ಟಿಕೆಟ್ಟಿನ ಆಸೆಯಿಂದ ಊರೂರು ಸುತ್ತುತ್ತಿದ್ದ ಶಿವಶಂಕರ ಎಂಬ ಮುಖಂಡನ ಕೈಕೆಳಗಿನವನು.

“ನಿಮ್ ಪತ್ರ ನೋಡಿದ್ವಿ ಸಾರ್. ಕುವೈತಿನಾಗಿರೋನ ಹೆಂಡ್ತೀನ ಸೋಮವಾರ ಹತ್ತು ಗಂಟೆಗೆ ಕಲ್ಯಾಣದುರ್ಗದ ಗೆಸ್ಟ್ ಹೌಸಿಗೆ ಕಳಸ್ರಿ. ಪಾಸ್‌ಪೋರ್ಟ್ ಜೆರಾಕ್ಸು, ಆಧಾರು ತರಲಿ. ಆಕಿ ಸಹಿ ಬೇಕೇ ಬೇಕ್ರಿ. ಅವತ್ತು ರಾತ್ರಿನೇ ಅಣ್ಣ ದಿಲ್ಲಿಗೆ ಹೊಂಟಾರ, ಸ್ವಂತ ಕೈಯಾಗ ಕೊಟ್ಟು ಮಾತಾಡ್ತಾರ. ಗುಡಿಬಂಡೆ ಓಬುಲೇಶನ ತಾಯಿ ಚಿನ್ನಕ್ಕನೂ ಬರ್ತಾಳ. ಪೇಪರ್‌ನೋರೂ ಇರ್ತಾರ, ಒಂದು ಫೋಟೋ ಆಗಿಬಿಡಲಿ.”

ದೊಡ್ಡಮಲ್ಲಪ್ಪನವರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮರುದಿನ ಬೆಂಚಿನ ಮೇಲೆ ಅವರಿಗೆ ಹಬ್ಬ. ಹೆಸರು ಹೇಳದೆ, ಬಡವರ ಕಣ್ಣೀರಿನಲ್ಲಿ ಕೈ ತೊಳೆಯುವ ನಾಯಕರ ಬಗ್ಗೆ ಒಂದು ಗಂಟೆ ಮಾತಾಡಿದರು. ಕುರಿಗಾಹಿಯ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ಹೊಡೆಸಿಕೊಂಡರೆ ಎಷ್ಟು ಓಟು ಬೀಳುತ್ತವೆ ಎಂಬುದನ್ನು ಮಂಡಲವಾರು ಎಣಿಸಿ ತೋರಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶಿವಶಂಕರನಿಗೆ ಫೋಟೋ ಬೇಕಾಗಿತ್ತು, ಓಟೂ ಬೇಕಾಗಿತ್ತು.

ಆದರೆ ನಾಗಕ್ಕನಿಗೆ ಫೋನ್ ಮಾಡಲಿಲ್ಲ.

ಶುಕ್ರವಾರ ಸಂಜೆ ಮಾಡೋಣ ಎಂದುಕೊಂಡರು. ಶನಿವಾರ ಫೋನ್ ಕೈಗೆ ತೆಗೆದುಕೊಂಡು ಮತ್ತೆ ಜೇಬಿಗೆ ಇಳಿಸಿದರು. ಒಂದು ಮರ್ಯಾದಸ್ಥ ಮನೆಯ ಹೆಣ್ಣನ್ನು ಆ ಜಾತ್ರೆಗೆ ನೂಕುವುದು ತಪ್ಪು ಎಂದು ತಮಗೆ ತಾವೇ ಹೇಳಿಕೊಂಡರು. ಇಂದೋ ನಾಳೆಯೋ ಮಂತ್ರಿಯಿಂದ ತಮ್ಮ ಪತ್ರಕ್ಕೆ ಉತ್ತರ ಬಂದೇ ಬರುತ್ತದೆ, ಈ ಪುಢಾರಿಯ ಹಂಗು ಯಾಕೆ ಎಂದೂ ಹೇಳಿಕೊಂಡರು. ಭಾನುವಾರ ರಾತ್ರಿ ರೊಟ್ಟಿ ಬಡಿಸುತ್ತ ಹೆಂಡತಿ ಅನ್ನದಾನಮ್ಮ ಕೇಳಿದರು: “ಅಲ್ರಿ, ಮೊನ್ನಿ ಫೋನ್ ಬಂದಿತ್ತಲ್ಲ, ಆ ಹುಡಿಗಿಗೆ ಹೇಳಿದ್ರೇನು?”

“ಹೇಳೀನಿ” ಎಂದರು.

ಸೋಮವಾರ ಮಧ್ಯಾಹ್ನ ಸುನೀಲ್ ಮತ್ತೆ ಫೋನ್ ಮಾಡಿದ. “ಒಂದು ತಾಸು ಕಾದ್ವಿ ಸಾರ್, ಆಕಿ ಬರಲೇ ಇಲ್ಲ. ಯಾಕ?”

ಮರೆತೆ ಎನ್ನಬಹುದಾಗಿತ್ತು. ಸಂಜೆಯೊಳಗೆ ಕಳಿಸುತ್ತೇನೆ, ಇರಿ ಎನ್ನಬಹುದಾಗಿತ್ತು. ಆದರೆ ಜಗತ್ತಿನ ನಾಯಕರ ಹುಳುಕು ತೆಗೆಯುವ ನಾಲಿಗೆಗೆ ತನ್ನ ಹುಳುಕು ಮುಚ್ಚುವುದು ಒಂದು ಕ್ಷಣದ ಕೆಲಸವಾಯಿತು. “ಆಕಿ ಒಲ್ಲೆ ಅಂದ್ಲಪ್ಪ. ಫೋಟೋ ಗೀಟೋ ನಮಗ ಬ್ಯಾಡ ಅಂತ” ಎಂದುಬಿಟ್ಟರು.  ಆ ದಿನ ಮತ್ತೆ ಅಂಗಡಿಯ ಕಡೆ ಹೋಗಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ತೆಲುಗು ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ನಡುವೆ ಶಿವಶಂಕರ, ಎಡಕ್ಕೆ ಬಡಕಲಾಗಿ ಕಪ್ಪಿಟ್ಟ ಓಬುಲೇಶ್, ಬಲಕ್ಕೆ ಅವನ ತಾಯಿ ಚಿನ್ನಕ್ಕ. ಶಿವಶಂಕರ ಕ್ಯಾಮೆರಾದ ಕಡೆ ನೋಡುತ್ತಿದ್ದ. ಚಿನ್ನಕ್ಕ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಅವಳು ಮಗನ ಶರಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

“ಯಾಕ ಮಾಡ್ಯಾನೋ ಬ್ಯಾರೆ ಮಾತು. ಹೊರಗಿನ ದೇಶದಿಂದ ಕರಕೊಂಡಂತೂ ಬಂದ್ನಲ್ರಿ” ಎಂದ ಸಣ್ಣಬಸಪ್ಪ.

ದೊಡ್ಡಮಲ್ಲಪ್ಪನವರು ಪೇಪರ್ ಮಡಚಿ ಕೆಳಗಿಟ್ಟರು.  ಅದೇ ಸಂಜೆ ನಾಗಕ್ಕನ ಫೋನ್ ಬಂತು. “ಸಾವ್ಕಾರ್ರೆ, ಓಬುಲೇಶಣ್ಣ ಬಂದವ್ನಂತೆ. ನಮ್ ಕಾಗ್ದ ಎಲ್ಲಿಗ್ ಬಂತು?” ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ, ಸ್ವಲ್ಪ ಸಂತೋಷವೂ ಇತ್ತು. ಒಬ್ಬ ಬಂದ ಮೇಲೆ ಇನ್ನೊಬ್ಬನೂ ಬರುತ್ತಾನೆ ಎಂದು ಅವಳ ಲೆಕ್ಕ. “ಬರ್ತದವ್ವ, ಆಗ್ತೈತಿ” ಎಂದರು. ಆಗಲಾದರೂ ಸುನೀಲನಿಗೆ ಫೋನ್ ಮಾಡಬಹುದಾಗಿತ್ತು. ಮಾಡಿದರೆ ತಾವು ಆಡಿದ ಸುಳ್ಳನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ದಿನ ಕಳೆದಷ್ಟೂ ಆ ಬಾಯಿ ಬಿಗಿಯಾಗುತ್ತ ಹೋಯಿತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಅವರು ಪೇಪರಿನಲ್ಲಿ ನಾಯಕರ ಸುದ್ದಿ ಓದುವುದನ್ನೇ ಬಿಟ್ಟರು. ರವಿಶಂಕರನ ಕೈಲಿ ಫೋನಿನಲ್ಲಿ ಕುವೈತಿನ ಬಿಸಿಲು ಎಷ್ಟು ಎಂದು ನೋಡಿಸುತ್ತಿದ್ದರು. ನಲವತ್ತೈದು, ನಲವತ್ತೇಳು, ನಲವತ್ತೊಂಬತ್ತು. “ನಿಮಗ್ಯಾಕಪ್ಪಾಜಿ ಅಲ್ಲಿ ಬಿಸಿಲು?” ಎಂದು ಮಗ ನಗುತ್ತಿದ್ದ. ರಾಯದುರ್ಗದ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದು ಮನೆ ಸೇರುವಷ್ಟರಲ್ಲಿ ತಮ್ಮ ಬಾಯಿ ಒಣಗಿದರೆ, ಅಳತೆಯ ನೀರಿನಲ್ಲಿ ಮುನ್ನೂರು ಕುರಿ ಕಾಯುವವನ ಬಾಯಿ ಅವರ ಕಣ್ಣ ಮುಂದೆ ಬರುತ್ತಿತ್ತು. ತುಂಬಿದ ಲೋಟ ನೀರು ಕುಡಿಯಲು ನಾಚಿಕೆಯಾಗುತ್ತಿತ್ತು. ಪಾಪ ಮಾಡಿದೆ ಎಂದು ಸ್ಪಷ್ಟವಾಗಿ ಅನ್ನಿಸುತ್ತಿತ್ತು, ಆದರೂ ಅದನ್ನು ಹೇಳಬೇಕಾದವರಿಗೆ ಹೇಳಲಿಲ್ಲ.

ಶಿವಶಂಕರನಿಗೆ ಟಿಕೆಟ್ ಸಿಗಲಿಲ್ಲ. ಎಲೆಕ್ಷನ್ ಬಂತು, ಹೋಯಿತು, ಗೆದ್ದವರು ಗೆದ್ದರು. ಜೂನ್ ತಿಂಗಳ ಮಧ್ಯದಲ್ಲಿ ಒಂದು ದಿನ ಸುನೀಲನ ಫೋನ್.

“ಸಾರ್, ಕುವೈತಿನಾಗಿದ್ದ ಆ ಇನ್ನೊಬ್ಬ ಬಂದ್ನೇನು? ಅಣ್ಣ ಕೇಳಾಕತ್ಯಾರ.”

ದೊಡ್ಡಮಲ್ಲಪ್ಪನವರು “ಎಲೆಕ್ಷನ್ ಮುಗೀತಲ್ಲಪ್ಪ. ಈಗ್ಯಾಕ?” ಎಂದರು. ರೂಢಿಯ ಬಲ, ಬಾಯಿಗೆ ಅದೇ ಬಂತು.

“ಯಾಕ ಅಂದ್ರ ಏನ್ ಹೇಳಲಿ ಸಾರ್. ನೆನಪಾತಂತ, ಕೇಳು ಅಂದ್ರು.”

ಅವರು ನಾಗಕ್ಕನ ನಂಬರು ಕೊಟ್ಟರು. ಹತ್ತು ಅಂಕಿ ಹೇಳುವುದಕ್ಕೆ ಅರ್ಧ ನಿಮಿಷ ಬೇಕಾಯಿತು. ಆ ಅರ್ಧ ನಿಮಿಷವನ್ನು ಫೆಬ್ರವರಿಯಲ್ಲೇ ಖರ್ಚು ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು. ಅದಾಗಿ ಇಪ್ಪತ್ತನಾಲ್ಕನೆಯ ದಿನ ಅಂಜಿನಿ ಊರಿಗೆ ಬಂದ. ಈ ಸಲ ಪೇಪರಿನಲ್ಲಿ ಯಾವ ಫೋಟೋವೂ ಬರಲಿಲ್ಲ.

ರಾಯದುರ್ಗದಲ್ಲಿ ಮಾತ್ರ ಅದು ದೊಡ್ಡಮಲ್ಲಪ್ಪನವರ ಪತ್ರದ ಗೆಲುವು ಎಂದಾಯಿತು. ಸಣ್ಣಬಸಪ್ಪ ಒಂದು ಶಾಲು, ಒಂದು ಸೇವಂತಿಗೆ ಹಾರ ತಂದ. “ಪತ್ರ ಅಂದ್ರ ಇದು. ಅಲ್ಲಿ ಸರ್ಕಾರಾನೇ ಅಲುಗಾಡಿಬಿಟ್ಟೈತಿ” ಎಂದು ನೆರೆದವರಿಗೆ ಹೇಳಿದ. ಹಾರ ಕೊರಳಿಗೆ ಬಿತ್ತು. ನನ್ನಿಂದ ಆದದ್ದಲ್ಲ ಎಂದು ಹೇಳಲು ಬಾಯಿ ತೆರೆದರು. ಎಲ್ಲರೂ ಅದನ್ನು ದೊಡ್ಡವರ ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವರು ಸುಮ್ಮನಾದರು. ಸುಮ್ಮನಾಗುವುದು ಎಷ್ಟು ಸುಲಭ ಎಂದು ಆ ಹೊತ್ತಿಗೆ ಅವರಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಆಗಸ್ಟಿನಲ್ಲಿ ಜುಂಜಪ್ಪ ಫೋನ್ ಮಾಡಿದ. “ಒಂದ್ಸಲ ನಮ್ಮಟ್ಟಿಗೆ ಬಂದು ಹೋಗ್ಬೇಕು ಸಾವ್ಕಾರ್ರೆ. ನೀವೇ ಬರ್ಬೇಕು.” ಮೂವತ್ತು ವರ್ಷದಲ್ಲಿ ಅವನು ಎಂದೂ ಹಾಗೆ ಕರೆದವನಲ್ಲ. ಮಗ ಬಂದ ಸಂತೋಷಕ್ಕೆ ಮರಿ ಕೊಯ್ದರೂ ತಾವು ತಿನ್ನುವವರಲ್ಲ ಎಂಬುದು ಅವನಿಗೆ ಗೊತ್ತು. ಇನ್ನೊಂದು ಶಾಲು, ಇನ್ನೊಂದು ಹಾರ ಇರಬೇಕು ಎಂದು ದೊಡ್ಡಮಲ್ಲಪ್ಪನವರು ಅಂದುಕೊಂಡರು. ಮೈಗೆ ಸರಿಯಿಲ್ಲ ಎಂದು ಹೇಳಿಬಿಡೋಣ ಎಂದು ನೋಡಿದರು.

ಅನ್ನದಾನಮ್ಮ ಬಿಡಲಿಲ್ಲ. ಬುತ್ತಿ ಕಟ್ಟುತ್ತ ಕೂತವರು ತಲೆಯೆತ್ತದೆ ಹೇಳಿದರು: “ಅವತ್ತು ನೀವು ಆ ಹುಡಿಗಿಗೆ ಹೇಳಿರಲಿಲ್ಲ. ನನಗ ಅವತ್ತೇ ಗೊತ್ತಾತು. ಕೇಳಿದ್ರ ಇನ್ನೊಂದು ಸುಳ್ಳು ಹೇಳ್ತೀರಿ ಅಂತ ಕೇಳಲಿಲ್ಲ. ಹೋಗ್ರಿ. ಹೋಗಿ ಹೇಳಿ ಬರ್ರಿ.”

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಅವರು ಆ ಗೆಸ್ಟ್ ಹೌಸ್ ಎಲ್ಲಿದೆ ಎಂದು ಒಬ್ಬ ಹಣ್ಣಿನವಳನ್ನು ಕೇಳಿದರು. ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟೇ ದೂರ ಎಂದಳು. ಹೋಗಿ ನೋಡುವ ಧೈರ್ಯ ಅವರಿಗಾಗಲಿಲ್ಲ. ಮಡಕಶಿರಾದಲ್ಲಿ ಇಳಿದು, ಗುಡಿಬಂಡೆಯ ಆಟೋದಲ್ಲಿ ಆರು ಜನರ ನಡುವೆ ಸಿಕ್ಕಿಕೊಂಡು ಕೂತು ಹಟ್ಟಿ ಸೇರುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು.

ಅಲ್ಲಿ ಶಾಲೂ ಇರಲಿಲ್ಲ, ಹಾರವೂ ಇರಲಿಲ್ಲ. ಅಂಗಳದಲ್ಲಿ ಜುಂಜಪ್ಪನೊಬ್ಬನೇ ನಿಂತಿದ್ದ. ಕುರಿ ರೊಪ್ಪದ ಹತ್ತಿರ ಕಲ್ಲಿನ ಮೇಲೆ ಅಂಜಿನಿ ಕೂತಿದ್ದ. ಅವನ ಎಡಗಣ್ಣಿನ ಮೇಲೆ ಬಿಳಿಯ ಪೊರೆ ಬಂದಿತ್ತು. ಎರಡನೆಯ ಬೇಸಿಗೆಯ ಬಿಸಿಲು, ಮರಳು ಎಂದು ಜುಂಜಪ್ಪ ಮೆಲ್ಲಗೆ ಹೇಳಿದ. ಎರಡನೆಯ ಬೇಸಿಗೆ ಎಂದರೆ ಯಾವುದು ಎಂದು ದೊಡ್ಡಮಲ್ಲಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 

“ಬಂದಾಗಿಂದ ಮನೆ ಒಳಿಕ್ಕೆ ಮಲಗಲ್ಲ” ಎಂದ ಜುಂಜಪ್ಪ. “ರೊಪ್ಪದಾಗೇ ಮಲಗ್ತಾನೆ. ಹೆಂಡ್ತಿ ಕೂಟೆ ಮಾತಿಲ್ಲ, ಕತೆಯಿಲ್ಲ. ಅವಳು ಮುದ್ದೆ ತಂದಿಟ್ರೆ ಉಣ್ತಾನೆ, ಮುಖ ಎತ್ತಲ್ಲ. ಇನ್ನ ನೋಡಕ್ಕಾಗ್ದೆ ನಿಮ್ಮನ್ನ ಕರಿಸ್ದೆ.”

ಅವನು ಒಳಗೆ ಹೋಗಿ ಕರಿ ಕಂಬಳಿ ತಂದು, ನಾಲ್ಕು ಮಡಿಕೆ ಮಾಡಿ ಅಂಗಳದ ನಡುವೆ ಹಾಸಿದ. ಒಂದು ಚಿಟಿಕೆ ಭಂಡಾರದ ಅರಿಶಿನ ಅದರ ಮೇಲೆ ಉದುರಿಸಿದ. ಆ ಮನೆಯಲ್ಲಿ ಕಂಬಳಿ ಹಾಸುವುದೆಂದರೆ ದೇವರ ಗದ್ದುಗೆ ಹಾಸಿದಂತೆ. ಮದುವೆ ಒಪ್ಪುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಜಗಳ ಬಗೆಹರಿಸುವಾಗ ಹಾಸುತ್ತಾರೆ. ಅದರ ಮೇಲೆ ಕೂತವರು ಸುಳ್ಳು ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಹಾಗೆ ಯಾರೂ ಮಾಡಿ ನೋಡಿಲ್ಲ.

“ಕುಂತ್ಕಳಿ ಸಾವ್ಕಾರ್ರೆ.”

ಅವರು ಚಪ್ಪಲಿ ಬಿಟ್ಟು ಕೂತರು. ಕಂಬಳಿಯ ಒರಟು ಪಂಚೆಯೊಳಗಿನಿಂದಲೂ ತೊಡೆಗೆ ಚುಚ್ಚಿತು. ನಾಗಕ್ಕ ಬಾಗಿಲ ಹತ್ತಿರ ಬಂದು ನಿಂತಳು. ಅಂಜಿನಿ ಕಲ್ಲಿನ ಮೇಲಿಂದ ಎದ್ದು ಬಂದು ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ.

“ಓಬುಲೇಶನ್ನ ಕರ್ಕಂಡೋಗಾಕೆ ಗಾಡಿ ಬಂತು ಸಾವ್ಕಾರ್ರೆ” ಎಂದ. ದನಿ ಗೊಗ್ಗರಾಗಿತ್ತು. “ನನ್ನ ಹೆಸ್ರೂ ಐತೇನೋ ಅಂತ ಓಡೋಗಿ ಕೇಳ್ದೆ. ಡ್ರೈವರು ಚೀಟಿ ತೋರಿಸ್ದ. ಒಂದೇ ಹೆಸ್ರು ಇತ್ತು. ಗಾಡಿ ಹಿಂದೆ ಬೋ ದೂರ ಓಡ್ದೆ. ಆಮೇಕೆ ಕುರಿ ಚೆದುರ್ತವೆ ಅಂತ ವಾಪಸ್ ಬಂದೆ. ನಮ್ಮೋರು ಯಾರೂ ನನ್ನ ಕೇಳ್ಲಿಲ್ವಾ, ನನ್ನ ದೇಸಕ್ಕೂ ನಾನು ಬೇಡ್ವಾ ಅಂತ ನಾಕು ತಿಂಗ್ಳು ಅದೇ ಯೋಚ್ನೆ. ಬಂದಾಗ ವಿಮಾನದತ್ರ ಸುನೀಲ್ ಅಂತ ಒಬ್ರು ಬಂದಿದ್ರು. ನಿನ್ನ ಹೆಂಡ್ತಿನೇ ಫೆಬ್ರವರಿಲಿ ಸಹಿಗೆ ಬರಲ್ಲ ಅಂದ್ಲಂತೆ, ಸಾವ್ಕಾರ್ರೇ ಹೇಳಿದ್ರು ಅಂತ ಅಂದ್ರು. ನಾನು ಬರದೇ ಇದ್ರೇ ವಾಸಿ ಅನ್ನಿಸ್ತೇನೋ ಇವ್ಳಿಗೆ. ನೀವ್ ಹೇಳಿ. ಇವ್ಳು ಒಲ್ಲೆ ಅಂದ್ಲಾ?”

ಫೋನಿನಲ್ಲಿ ಆಡಿದ ಒಂದು ಮಾತು ಇಲ್ಲಿಯವರೆಗೆ ಬಂದು, ಒಂದು ಮನೆಯ ನಡುವೆ ಹೀಗೆ ಕೂತಿರುತ್ತದೆ ಎಂದು ದೊಡ್ಡಮಲ್ಲಪ್ಪನವರು ಕನಸಿನಲ್ಲೂ ಎಣಿಸಿರಲಿಲ್ಲ.  

ಅವರಿಗಿಂತ ಮೊದಲು ಜುಂಜಪ್ಪನ ಕಡೆ ನೋಡಿ ಮಾತಾಡಿದವಳು ನಾಗಕ್ಕ. “ಮಾವ, ನಾನು ಎಷ್ಟ್ ಸಲ ಹೇಳಿವ್ನಿ. ಸಾವ್ಕಾರ್ರಿಗೆ ವಯಸ್ಸಾಗೈತೆ, ನೂರು ಕೆಲ್ಸ ಇರ್ತವೆ, ಮರ್ತಿರ್ತಾರೆ. ಆ ಸುನೀಲ್ ಅನ್ನೋರು ಕೇಳ್ದಾಗ ದಿಕ್ಕು ತೋಚ್ದೆ ಏನೋ ಒಂದು ಅಂದಿರ್ತಾರೆ. ಅಷ್ಟೇ.” ಆಮೇಲೆ ಅವರ ಕಡೆ ತಿರುಗಿ, ದಾರಿ ತಪ್ಪಿದ ಮರಿಯನ್ನು ಮಂದೆಗೆ ಕರೆಯುವ ದನಿಯಲ್ಲಿ ಕೇಳಿದಳು: “ಮರ್ತಿದ್ರಿ, ಅಲ್ವಾ ಸಾವ್ಕಾರ್ರೆ?”

“ಎಲ್ಲೆಲ್ಲಿ ಮಂತ್ರಿಗಳ ಹೆಸ್ರೂ ಮರೀದೋರು ಇದನ್ನ ಮರೀತಾರಾ?” ಎಂದ ಅಂಜಿನಿ.

ಹೌದು ಎಂದರೆ ಸಾಕಾಗಿತ್ತು. ನಾಗಕ್ಕನ ಮೇಲಿನ ಅಪವಾದ ಹೋಗುತ್ತಿತ್ತು, ಅಂಜಿನಿ ಅವರ ಬಾಯಿಂದ ಕೇಳಿದರೆ ನಂಬುತ್ತಿದ್ದ, ಮುದುಕರ ಮರೆವನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಅವಳೇ ಆ ಬಾಗಿಲನ್ನು ತೆಗೆದು ಹಿಡಿದು ನಿಂತಿದ್ದಳು. ದೊಡ್ಡಮಲ್ಲಪ್ಪನವರು ಬಾಯಿಯವರೆಗೆ ಬಂದ ಆ ಹೌದನ್ನು ತಡೆದು, ಎರಡೂ ಅಂಗೈಯನ್ನು ಕಂಬಳಿಯ ಮೇಲೆ ಊರಿದರು.

“ಮರ್ತಿರಲಿಲ್ಲಪ್ಪ” ಎಂದರು. “ನಾಕು ದಿನ ನೆನಪಿತ್ತು. ಫೋನ್ ಕೈಯಾಗ ಹಿಡಕೊಂಡು, ಬೇಕಂತಲೇ ಹೇಳಲಿಲ್ಲ. ಆಕಿ ಒಲ್ಲೆ ಅಂದಿಲ್ಲ. ಆಕಿಗೆ ಸುದ್ದೀನೇ ಮುಟ್ಟಿಸಿಲ್ಲ. ಒಲ್ಲೆ ಅಂದ್ಲು ಅಂತ ಹೇಳಿದ್ದು ನನ್ನ ಸುಳ್ಳು.”

ರೊಪ್ಪದಲ್ಲಿ ಒಂದು ಕುರಿ ಕೆಮ್ಮಿತು. ಜುಂಜಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಸುಮ್ಮನೆ ಹಿಂಡತೊಡಗಿದ.

“ಯಾಕೆ?” ಎಂದ ಅಂಜಿನಿ.

ಜೀವಮಾನವೆಲ್ಲ ಬೇರೆಯವರನ್ನು ಕೇಳಿದ ಪ್ರಶ್ನೆ ಅದು. ಉತ್ತರಗಳು ಸಾಲುಗಟ್ಟಿ ಬಂದವು. ಮರ್ಯಾದಸ್ಥ ಮನೆಯ ಹೆಣ್ಣು, ಪುಢಾರಿಯ ಫೋಟೋ, ದೇಶದ ಮಾನ. ಒಂದೊಂದನ್ನೂ ಎಷ್ಟು ಸಲ ತಮಗೆ ತಾವು ಹೇಳಿಕೊಂಡಿದ್ದರೆಂದರೆ ಎಲ್ಲವೂ ನುಣುಪಾಗಿ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಇವನ್ನು ಬೇರೆ ಯಾವನಾದರೂ ನಾಯಕ ಹೇಳಿದ್ದರೆ ತಾವು ನಂಬುತ್ತಿದ್ದರೇ? ಬೆಂಚಿನ ಮೇಲೆ ಕೂತು ಅವನ ಹೊಟ್ಟೆಯೊಳಗಿನದನ್ನು ಹೇಗೆ ಹೊರಗೆಳೆಯುತ್ತಿದ್ದರು ಎಂದು ನೋಡಿದರೆ, ಅದು ಹುಡುಕುವ ಮೊದಲೇ ಕೈಗೆ ಸಿಕ್ಕಿತು. ಅಷ್ಟು ಮೇಲೆಯೇ ಇತ್ತು.

“ಅವನ ಕೈಯಿಂದ ನೀ ಬರಬಾರದಿತ್ತು” ಎಂದರು. ದನಿ ತಮ್ಮದಲ್ಲ ಎನಿಸಿತು. “ನನ್ನ ಪತ್ರದಿಂದ ಬರಬೇಕಿತ್ತು. ಊರಾಗ ನನ್ನ ಹೆಸರಾಗಬೇಕಿತ್ತು. ಅದಕ್ಕ.”

ಜುಂಜಪ್ಪ ಎದ್ದು ರೊಪ್ಪದ ಕಡೆ ಹೋದ. ಮೂವತ್ತು ವರ್ಷದ ಸ್ನೇಹಿತನ ಮುಖ ನೋಡಲು ಅವನಿಗೆ ಬೇಡವಾಗಿತ್ತು. ಅಂಜಿನಿ ಮಾತ್ರ ಕೂತಲ್ಲೇ ಕೂತಿದ್ದ. ಸಿಟ್ಟು ಬರುತ್ತದೆ, ಬೈಯುತ್ತಾನೆ, ಕೈ ಮಾಡಿದರೂ ಮಾಡಲಿ ಎಂದು ದೊಡ್ಡಮಲ್ಲಪ್ಪನವರು ಕಾದರು. ಅವನು ಬೈಯಲಿಲ್ಲ. ಒಳ್ಳೆಯ ಕಣ್ಣನ್ನು ಅವರಿಂದ ಹೊರಳಿಸಿ ಬಾಗಿಲ ಕಡೆ ನೋಡಿದ. ಬಂದು ಒಂದು ತಿಂಗಳಾದ ಮೇಲೆ ಮೊದಲ ಸಲ ಹೆಂಡತಿಯ ಹೆಸರು ಹಿಡಿದ.

“ನಾಗಿ, ಒಂದು ಚೊಂಬು ನೀರ್ ಕೊಡೆ.”

ಅವಳು ತಂದುಕೊಟ್ಟಳು. ಅವನು ಕುಡಿದ. ಖಾಲಿ ಚೊಂಬನ್ನು ಅವಳ ಕೈಗೆ ಕೊಡುವಾಗ ಏನೋ ಹೇಳಲು ಹೋದ, ಆಗಲಿಲ್ಲ. ಅವಳು ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿದಳು. ಅಷ್ಟರಲ್ಲಿ ಅವರಿಬ್ಬರ ನಡುವಿನದು ಮುಗಿಯಿತು, ಅಥವಾ ಮುಗಿಯಲು ಶುರುವಾಯಿತು. ಬಂದ ಕೆಲಸ ಆಯಿತು, ಎದ್ದು ಹೋಗಬೇಕು ಎಂದು ದೊಡ್ಡಮಲ್ಲಪ್ಪನವರಿಗೆ ಅನ್ನಿಸಿತು. ಕಂಬಳಿಯ ಮೇಲೆ ಕೂರಿಸಿದವನು ಏಳಿ ಎನ್ನದೆ ಏಳಬಹುದೋ ಇಲ್ಲವೋ ತಿಳಿಯದೆ ಕೂತೇ ಇದ್ದರು.

ನಾಗಕ್ಕ ಚೊಂಬು ಹಿಡಿದುಕೊಂಡೇ ಅವರ ಎದುರಿಗೆ ಬಂದು ನಿಂತಳು. ವಿಡಿಯೋ ತೋರಿಸಿದ ದಿನ ಅಳದಿದ್ದವಳು, ಓಬುಲೇಶ್ ಬಂದು ತನ್ನ ಗಂಡ ಬಾರದಿದ್ದ ದಿನ ಅಳದಿದ್ದವಳು, ಗಂಡ ಬಂದು ಮುಖ ತಿರುಗಿಸಿದಾಗಲೂ ಮುದ್ದೆ ಮಾಡಿಟ್ಟವಳು ಈಗ ಅಳುತ್ತಿದ್ದಳು.

“ಮರ್ತಿದ್ರಿ ಅಂತಾನೇ ಅನ್ಕಂಡಿದ್ದೆ ಸಾವ್ಕಾರ್ರೆ” ಎಂದಳು. “ಇವ್ರು ಮಾತು ಬಿಟ್ಟಾಗ್ಲೂ, ಜನ ಆಡ್ಕಂಡಾಗ್ಲೂ, ಪಾಪ ಮರ್ತಿರ್ತಾರೆ, ಬೇಕಂತ ಮಾಡೋರಲ್ಲ ಅಂತ ಹೇಳ್ಕಂಡು ತಡ್ಕಂಡೆ. ನಿಮ್ಮ ಮೇಲೆ ಒಂದು ಮಾತು ಬರಕ್ಕೆ ಬಿಡ್ಲಿಲ್ಲ. ಇನ್ಮೇಲೆ ನಿಮ್ಮನ್ನ ಏನಂತ ಅನ್ಕಳ್ಳಾನ?”

 ಅವಳು ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದಳು.